ಈ ವಾರದ ಚರ್ಚೆ: ನಿಕೋಸ್ ಗ್ಯಾಲಿಸ್

ಮಾನ್ಯ ಸದಸ್ಯರೇ, ಗ್ರೀಕ್ ಬಾಸ್ಕೆಟ್‌ಬಾಲ್ ಎಂದೊಡನೆ ಗುಂಪಿನಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ತಾರೆ ಯಾನಿಸ್ ಆಂಟೆಟೊಕುಂಪೊ ಅವರ ಹೆಸರೊಂದೇ ಕೇಳಿಬರುತ್ತಿರುವುದರಿಂದ, ಅವರಿಗಿಂತ ಮೊದಲೇ ಆ ದೇಶಕ್ಕೆ ಈ ಆಟದ ಹುಚ್ಚು ಹಿಡಿಸಿದ ನಿಕೋಸ್ ಗ್ಯಾಲಿಸ್ ಅವರನ್ನು ನೆನಪಿಸಬಯಸುತ್ತೇನೆ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗ್ರೀಕ್ ವಲಸಿಗರ ಮಗನಾಗಿ ಹುಟ್ಟಿದ ಅವರು, 1979ರಲ್ಲಿ ತಮ್ಮನ್ನು ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡ ಆಯ್ಕೆ ಮಾಡಿದ್ದರೂ ಗಾಯದಿಂದಾಗಿ ಅಲ್ಲಿ ನೆಲೆಯೂರಲಾಗದೆ, ಗ್ರೀಸ್‌ನ ಥೆಸಲೊನೀಕಿ ನಗರದ ಆರಿಸ್ ತಂಡವನ್ನು ಸೇರಿ ಎಂಟು ಗ್ರೀಕ್ ಲೀಗ್ ಪ್ರಶಸ್ತಿಗಳ ಗೆಲುವಿಗೆ ಕಾರಣರಾದರು. 1987ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ತವರಿನ ಪ್ರೇಕ್ಷಕರೆದುರು ಹೆಚ್ಚುವರಿ ಅವಧಿಯವರೆಗೂ ಸಾಗಿದ ಪಂದ್ಯದಲ್ಲಿ, ಗ್ರೀಸ್ ಸೋವಿಯತ್ ಒಕ್ಕೂಟವನ್ನು 103–101ರಿಂದ ಮಣಿಸಿದಾಗ 40 ಅಂಕಗಳು ಇವರೊಬ್ಬರವೇ ಆಗಿದ್ದವು. ಎತ್ತರವಾದರೋ ಸುಮಾರು ಆರು ಅಡಿ ಮಾತ್ರ! ಬಾಸ್ಕೆಟ್‌ಬಾಲ್ ದಿಗ್ಗಜರಿಗೆ ಅಮೆರಿಕದಲ್ಲಿ ನೀಡುವ ನೈಸ್ಮಿತ್ ಹಾಲ್ ಆಫ್ ಫೇಮ್ ಗೌರವ ಇವರಿಗೆ 2017ರಲ್ಲಿ ಸಂದಿತು. ತೀರಾ ತಡವಾಯಿತೆಂಬುದು ನನ್ನ ಅಭಿಪ್ರಾಯ. ಈ ವಾರದ ಚರ್ಚೆಯನ್ನು ಗ್ಯಾಲಿಸ್ ಅವರ ಆಟಕ್ಕಷ್ಟೇ ಸೀಮಿತಗೊಳಿಸಬೇಕೆಂದು ವಿನಂತಿ.