ಇನ್ನು ಮುಂದೆ ಸೊಂಟಕ್ಕೆ ಅಂಟಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಅರ್ಧ ಮನುಷ್ಯ, ಅರ್ಧ ಪ್ರಾಣಿ ಇರುವ ನಮ್ಮ ಮಣ್ಣಿನ ಶಿಲ್ಪಗಳನ್ನು ಮಾಡುವ ಕ್ರಮ ಬದಲಾಗಿದೆ. ಇಷ್ಟು ದಿನ ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ ಸುಟ್ಟು, ಆಮೇಲೆ ಎಪಾಕ್ಸಿ ಅಂಟಿನಿಂದ ಕೂಡಿಸುತ್ತಿದ್ದೆವು. ಇನ್ನು ಹಸಿ ಮಣ್ಣಿನಲ್ಲೇ ಜೋಡಿಸಿ, ಒಂದೇ ಮೈಯಾಗಿ ಸುಡುತ್ತೇವೆ.

ಕಾರಣ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇದೆ. ಬಿಸಿಲು ಬೀಳುವ ಕಡೆ ಇಟ್ಟ ಶಿಲ್ಪಗಳಲ್ಲಿ ಅಂಟು ಹಳದಿಯಾಗಿ ಸೊಂಟದ ಸುತ್ತ ಗೆರೆ ಎದ್ದಿತು. ಕೆಲವು ಅಲ್ಲೇ ಬಿಟ್ಟುಕೊಂಡವು. ತಪ್ಪು ನಮ್ಮದು, ಕ್ಷಮಿಸಿ. ಇಂಥ ಶಿಲ್ಪದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದೇ ಆ ಜಾಗಕ್ಕೆ ಅಲ್ವಾ? ಮನುಷ್ಯನ ಹೊಟ್ಟೆ ಎಲ್ಲಿ ಮುಗಿಯಿತು, ಕುದುರೆಯ ಎದೆ ಎಲ್ಲಿ ಶುರುವಾಯಿತು ಎಂದು ಹುಡುಕುತ್ತೇವೆ. ಅಲ್ಲಿ ಅಂಟು ಕಾಣಬಾರದು.

ಗ್ರೀಸ್‌ನ ಲೆಫ್ಕಾಂಡಿಯಲ್ಲಿ ಕ್ರಿ.ಪೂ. 900ರ ಆಸುಪಾಸಿನ ಸುಟ್ಟ ಮಣ್ಣಿನ ಸೆಂಟಾರ್, ಅಂದರೆ ಅರ್ಧ ಮನುಷ್ಯ ಅರ್ಧ ಕುದುರೆಯ ಶಿಲ್ಪ, ಸಿಕ್ಕಿದೆ. ಎತ್ತರ ಸುಮಾರು 36 ಸೆಂ.ಮೀ. ತಲೆ ಒಂದು ಸಮಾಧಿಯಲ್ಲಿತ್ತು, ಮೈ ಇನ್ನೊಂದರಲ್ಲಿ. ಕುದುರೆಯ ಮೈ ಚಕ್ರದ ಮೇಲೆ ತಿರುಗಿಸಿದ ಟೊಳ್ಳು ಕೊಳವೆ. ಮನುಷ್ಯನ ಭಾಗ ಕೈಯಲ್ಲಿ ತಿದ್ದಿದ್ದು. ಆ ಕುಂಬಾರನಿಗೆ ಎಪಾಕ್ಸಿಯ ಹಂಗಿರಲಿಲ್ಲ.

ಈ ಕೆಲಸಕ್ಕೆ ಸಮಯ ಜಾಸ್ತಿ ಬೇಕು. ಕೂಡಿಸುವಾಗ ಎರಡೂ ಭಾಗದ ತೇವ ಒಂದೇ ಆಗಿರಬೇಕು. ಇಲ್ಲದಿದ್ದರೆ ಒಣಗಿ ಕುಗ್ಗುವಾಗ ಸೊಂಟವೇ ಬಿರಿಯುತ್ತದೆ. ತೆಳು ಕಾಲುಗಳು ಬೇಗ ಒಣಗುತ್ತವೆ, ಮುಂಡ ನಿಧಾನ. ಹಾಗಾಗಿ ಕಾಲಿಗೆ ಪ್ಲಾಸ್ಟಿಕ್ ಸುತ್ತಿ ಕಾಯುತ್ತೇವೆ. ಒಳಗೆ ತೇವ ಉಳಿದರೆ 100 ಡಿಗ್ರಿ ದಾಟುವಾಗ ಆವಿಯಾಗಿ ಶಿಲ್ಪವನ್ನೇ ಸಿಡಿಸುತ್ತದೆ. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅಲ್ಲಿ ಭಟ್ಟಿಯನ್ನು ಅವಸರಪಡಿಸುವಂತಿಲ್ಲ.

ಆದ್ದರಿಂದ ನಾಲ್ಕು ವಾರದ ಬದಲು ಒಂಬತ್ತು ವಾರ ಕಾಯಬೇಕಾಗುತ್ತದೆ. 40 ಸೆಂ.ಮೀ.ಗಿಂತ ಎತ್ತರದ್ದನ್ನು ಸದ್ಯಕ್ಕೆ ಮಾಡುವುದಿಲ್ಲ. ಶಿಲ್ಪದ ಹೊಟ್ಟೆಯ ಕೆಳಗೆ ಸಣ್ಣ ತೂತು ಕಾಣುತ್ತದೆ. ಅದು ಒಳಗಿನ ಗಾಳಿ, ಆವಿ ಹೋಗಲು ನಾವೇ ಬಿಟ್ಟಿದ್ದು. ದಯವಿಟ್ಟು ಮುಚ್ಚಿ ಕಳಿಸಿ ಎಂದು ಕೇಳಬೇಡಿ.

ಈಗಾಗಲೇ ಆರ್ಡರ್ ಕೊಟ್ಟವರಿಗೆ ಹೊಸ ಕ್ರಮದಲ್ಲೇ ಮಾಡುತ್ತೇವೆ. ಕಾಯಲು ಆಗದಿದ್ದರೆ ತಿಳಿಸಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಹಳೆಯ ಶಿಲ್ಪದ ಸೊಂಟ ಬಿಟ್ಟಿದ್ದರೆ ಮನೆಯಲ್ಲಿ ಮತ್ತೆ ಅಂಟಿಸಬೇಡಿ. ಒಂದು ಫೋಟೊ ಕಳಿಸಿ ಸಾಕು, ಅದೇ ಶಿಲ್ಪವನ್ನು ಹೊಸದಾಗಿ, ಉಚಿತವಾಗಿ ಮಾಡಿಕೊಡುತ್ತೇವೆ.

ಇಂತಿ,
ನಿಮ್ಮ ಶಿಲ್ಪಗಳನ್ನು ಮಾಡುವ ಕೈಗಳು