ಕಾಲು ನೆಲ ಮುಟ್ಟೋದಕ್ಕೆ ಮುಂಚೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ" ಅಂದು ಇಟ್ಟುಬಿಡ್ತೀಯ. ಅದಕ್ಕೇ ಬರೀತಿದ್ದೀನಿ. ಯುಗಾದಿ ಆದ ಮುಂದಿನ ವಾರ ಮಂಡಿಯ ಆಪರೇಷನ್ ಆಯ್ತು, ದಸರಾ ಕ್ರೀಡಾಕೂಟದ ಕಬಡ್ಡಿ ಹೊತ್ತಿಗೆ ಆರು ತಿಂಗಳಾಗುತ್ತೆ, ಲೆಗ್ ಪ್ರೆಸ್‌ನಲ್ಲಿ ಎರಡು ಕಾಲೂ ಸಮ ಭಾರ ತಳ್ಳುತ್ತೆ, ನೋವಿಲ್ಲ, ತಂಡದಲ್ಲಿ ಹೆಸರು ಸೇರಿಸಲಾ ಅಂತ ಕೋಚ್ ಕೇಳ್ತಿದ್ದಾರೆ ಅಂತೆಲ್ಲ ಬರೆದಿದ್ದೀಯ. ಕೊನೆಗೆ ಏನೋ ಸಣ್ಣ ವಿಷಯ ಅನ್ನೋ ಹಾಗೆ, "ಗಕ್ಕನೆ ತಿರುಗುವಾಗ ಮಂಡಿ ಎಲ್ಲೋ ಹೋಗಿ ಬಂದ ಹಾಗಾಗುತ್ತೆ" ಅಂದಿದ್ದೀಯಲ್ಲ, ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನೇ. ಮೊದಲು ಅದನ್ನು ನಿನ್ನ ಸರ್ಜನ್‌ಗೆ ಹೇಳು. ಗ್ರಾಫ್ಟ್, ಅಂದರೆ ಹರಿದ ನಾರಿನ ಜಾಗದಲ್ಲಿ ಹಾಕಿದ ಹೊಸ ಎಳೆ, ಬಿಗಿಯಾಗಿದೆಯೋ ಇಲ್ಲವೋ ಅವರು ಕೈಯಿಂದ ಎಳೆದು ನೋಡಲಿ. ಅದು ಸರಿಯಾಗಿದ್ದರೆ ಮುಂದಿನದು ನನ್ನಂಥ ಫಿಸಿಯೋಗಳ ಪಾಲಿನ ಕೆಲಸ.

ಭಾರ ಎತ್ತುವ ಶಕ್ತಿ ಬೇರೆ, ಹೊತ್ತಿಗೆ ಸರಿಯಾಗಿ ಬಿಗಿಯೋದು ಬೇರೆ. ನಿನಗೆ ಮೊದಲನೆಯದು ಬಂದಿದೆ. ಎರಡನೆಯದು ಇನ್ನೂ ಬಂದಿಲ್ಲ ಅಂತ ನನ್ನ ಅನುಮಾನ.

ಪೆಟ್ಟಾದ ದಿನ ನಿನ್ನನ್ನು ಯಾರೂ ಹಿಡಿದಿರಲಿಲ್ಲ ಅಂತ ನೀನೇ ಹೇಳಿದ್ದೆ. ಬೋನಸ್ ಲೈನ್ ದಾಟಿ ಮಿಡ್‌ಲೈನ್ ಕಡೆಗೆ ತಿರುಗೋಕೆ ಕಾಲೂರಿದೆ, ಅಷ್ಟೇ. ಎಸಿಎಲ್, ಅಂದರೆ ಮಂಡಿಯೊಳಗೆ ಕೆಳಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು), ಎಷ್ಟೋ ಸಲ ಹರಿಯೋದು ಹೀಗೇ. ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗಾದ ಹತ್ತು ಪೆಟ್ಟುಗಳ ವಿಡಿಯೋಗಳನ್ನು ಓಸ್ಲೊದ ಸಂಶೋಧಕರು ಒಂದೊಂದೇ ಫ್ರೇಮ್ ಬಿಡಿಸಿ ಅಳೆದು 2010ರಲ್ಲಿ ಪ್ರಕಟಿಸಿದರು. ಕಾಲು ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಲಿಗಮೆಂಟ್ ಹರಿದಿರಬೇಕು ಅನ್ನೋದು ಅವರ ಅಂದಾಜು. ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು.

ಈಗ ಇನ್ನೊಂದು ಲೆಕ್ಕ. ಮೊಣಕಾಲ ಕೆಳಗಿನ ಮೂಳೆ ಇದ್ದಕ್ಕಿದ್ದಂತೆ ಮುಂದಕ್ಕೆ ಜಾರಿದರೆ, ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್‌ಗೆ ಅಪ್ಪಣೆ ಬಂದು, ಅದು ಮೂಳೆಯನ್ನು ಹಿಂದಕ್ಕೆ ಎಳೆಯೋಕೆ ಶುರುಮಾಡಬೇಕು. ಆಕ್ಸ್‌ಫರ್ಡ್‌ನ ವೈದ್ಯರು 1993ರಲ್ಲಿ ಎಸಿಎಲ್ ಹರಿದವರಲ್ಲಿ ಇದನ್ನು ಅಳೆದಾಗ ಒಳ್ಳೆಯ ಕಾಲಿನಲ್ಲಿ ಸರಾಸರಿ 53 ಮಿಲಿಸೆಕೆಂಡ್ ಹಿಡಿಯಿತು, ಪೆಟ್ಟಾದ ಕಾಲಿನಲ್ಲಿ 99. ಅದೂ ಸ್ನಾಯು ಎಚ್ಚೆತ್ತುಕೊಳ್ಳೋಕೆ ಹಿಡಿದ ಹೊತ್ತು ಮಾತ್ರ. ಎಚ್ಚೆತ್ತ ಮೇಲೆ ಅದರ ಎಳೆತ ಮೂಳೆಗೆ ತಲುಪೋಕೆ ಇನ್ನೂ ಹತ್ತಾರು ಮಿಲಿಸೆಕೆಂಡ್ ಬೇಕು. ಅಂದರೆ ನಿನ್ನ ಒಳ್ಳೆಯ ಕಾಲಿಗೂ ಹೊತ್ತು ಸಾಲದು. ಪೆಟ್ಟು ಬಿದ್ದ ಮೇಲೆ ಎದ್ದು ಕಾಪಾಡೋದು ಯಾವ ಸ್ನಾಯುವಿನ ಕೈಲೂ ಆಗೋದಲ್ಲ.

ಹಾಗಾದರೆ ಜನ ಹೇಗೆ ಆಡ್ತಾರೆ? ಮುಂಚೆಯೇ ಬಿಗಿದುಕೊಂಡಿರ್ತಾರೆ. ಕತ್ತಲಲ್ಲಿ ಮಹಡಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟು, ಅಲ್ಲಿ ನೆಲವೇ ಇದ್ದರೆ ಮೈಯೆಲ್ಲ ಧಡ್ ಅಂತ ಅಲುಗುತ್ತಲ್ಲ? ಸ್ನಾಯುಗಳು ನೆಲ ಸಿಗುವ ಹೊತ್ತನ್ನು ಮೊದಲೇ ಲೆಕ್ಕಹಾಕಿ ಬಿಗಿಯೋಕೆ ಹೊರಟಿದ್ದವು, ನೆಲ ಬೇಗ ಸಿಕ್ಕಿತು. ಪ್ರತಿ ಹೆಜ್ಜೆಯಲ್ಲೂ ನಮಗೆ ಗೊತ್ತಿಲ್ಲದೆ ಈ ಲೆಕ್ಕ ನಡೆಯುತ್ತೆ. ನಿನ್ನ ಬಲಗಾಲಿನಲ್ಲಿ ಈಗ ಅದು ತಪ್ಪಿದೆ. ಯಾಕೆಂದರೆ ಎಸಿಎಲ್ ಬರೀ ಹಗ್ಗ ಅಲ್ಲ, ಅದರೊಳಗೆ ಎಳೆತವನ್ನು ಗ್ರಹಿಸುವ ನರತುದಿಗಳಿದ್ದವು. ಸರ್ಜನ್ ಹೊಸ ಎಳೆ ಹಾಕಿಕೊಟ್ಟರು, ಆ ನರತುದಿಗಳನ್ನು ಹಾಕಿಕೊಡೋಕೆ ಅವರಿಂದ ಆಗೋದಿಲ್ಲ. ಮಿದುಳು ಬೇರೆ ಸುದ್ದಿಗಾರರನ್ನು ನಂಬಿ ಹೊಸದಾಗಿ ಲೆಕ್ಕ ಕಲೀಬೇಕು: ಸ್ನಾಯು, ಚರ್ಮ, ಮಂಡಿಯ ಸುತ್ತಲ ಪೊರೆ, ಕಣ್ಣು.

ನಿನ್ನ ವಿಷಯದಲ್ಲಿ ಇನ್ನೊಂದು ತೊಡಕಿದೆ. ತೊಡೆಯ ಮುಂದಿನ ಸ್ನಾಯು, ಜಿಮ್‌ನಲ್ಲಿ ನೀವು ಕ್ವಾಡ್ಸ್ ಅನ್ನೋದು, ಕಾಲು ಹೆಚ್ಚುಕಡಿಮೆ ನೆಟ್ಟಗಿರುವಾಗ ಕೆಳಮೂಳೆಯನ್ನು ಮುಂದಕ್ಕೆ ಎಳೆಯುತ್ತೆ, ಎಸಿಎಲ್ ಮೇಲೆ ಭಾರ ಹಾಕುತ್ತೆ. ಅದಕ್ಕೆ ಎದುರು ನಿಂತು ಎಳೆಯೋದು ಹ್ಯಾಮ್‌ಸ್ಟ್ರಿಂಗ್. ನಿನ್ನ ಗ್ರಾಫ್ಟ್ ತೆಗೆದಿರೋದೇ ಆ ಹ್ಯಾಮ್‌ಸ್ಟ್ರಿಂಗ್‌ನ ಒಳಮಗ್ಗುಲಿನ ಟೆಂಡನ್‌ನಿಂದ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನಿಂದ! ಡೆನ್ಮಾರ್ಕ್‌ನಲ್ಲಿ 55 ಆಟಗಾರ್ತಿಯರನ್ನು ಪೆಟ್ಟಾಗುವ ಮುಂಚೆಯೇ ಪರೀಕ್ಷಿಸಿ ಇಟ್ಟಿದ್ದರು. ಆಮೇಲೆ ಎಸಿಎಲ್ ಹರಿದುಕೊಂಡ ಐವರಲ್ಲಿ, ದಿಕ್ಕು ಬದಲಿಸಿ ಕಾಲೂರುವ ಮುಂಚಿನ ಕ್ಷಣದಲ್ಲಿ ಈ ಒಳಮಗ್ಗುಲಿನ ಹ್ಯಾಮ್‌ಸ್ಟ್ರಿಂಗ್ ಕಡಿಮೆ ಕೆಲಸ ಮಾಡ್ತಿತ್ತು, ಮುಂಭಾಗದ ಹೊರಮಗ್ಗುಲ ಸ್ನಾಯು ಹೆಚ್ಚು. 2009ರ ಅಧ್ಯಯನ ಇದು. ಐವರೇ ಆದ್ದರಿಂದ ಇದನ್ನೇ ವೇದವಾಕ್ಯ ಅನ್ನಬಾರದು, ಆದರೂ ನಿನ್ನಂಥವರಿಗೆ ನೇರವಾಗಿ ಮುಟ್ಟುವ ಮಾತು. ಲೆಗ್ ಪ್ರೆಸ್ ಲೆಕ್ಕ ತೋರಿಸಿ ಹ್ಯಾಮ್‌ಸ್ಟ್ರಿಂಗ್ ಕಸರತ್ತು ತಪ್ಪಿಸಬೇಡ. ಕಾಲನ್ನು ಪೂರ್ತಿ ಮಡಚಿದಾಗಲೂ ಅದಕ್ಕೆ ಬಲ ಇದೆಯಾ ನೋಡಿಸಿಕೋ, ಅಲ್ಲೇ ಅದು ಸೊರಗೋದು. ಹಾಗಂತ ಕ್ವಾಡ್ಸ್ ಬೇಡ ಅಂತಲ್ಲ. ಅದು ಸೊರಗಿದರೂ ಮತ್ತೆ ಪೆಟ್ಟಾಗುವ ಭಯ ಇದ್ದೇ ಇದೆ.

ಊತದ ಬಗ್ಗೆ ಒಂದು ಮಾತು. ಮಂಡಿಯೊಳಗೆ 20–30 ಮಿಲಿಲೀಟರ್ ನೀರು ತುಂಬಿದರೂ ಸಾಕು, ನೋವಿಲ್ಲದಿದ್ದರೂ ಮಂಡಿಚಿಪ್ಪಿನ ಒಳಮಗ್ಗುಲಿನ ಸ್ನಾಯು ಮಂಕಾಗುತ್ತೆ. ಇಷ್ಟು ಊತ ಕನ್ನಡಿಯಲ್ಲಿ ಕಾಣೋದೇ ಇಲ್ಲ. ಅಭ್ಯಾಸ ಮಾಡಿದ ರಾತ್ರಿ ಚಿಪ್ಪಿನ ಒಳಮಗ್ಗುಲನ್ನು ಅಂಗೈಯಿಂದ ಮೇಲಕ್ಕೆ ಸವರಿ, ಹೊರಮಗ್ಗುಲಿನಿಂದ ಕೆಳಕ್ಕೆ ಸವರು. ಒಳಗಡೆ ಮತ್ತೆ ತುಂಬಿಕೊಂಡು ಉಬ್ಬಿದರೆ ನೀರಿದೆ ಅಂತ ಅರ್ಥ, ಮಾರನೇ ದಿನ ನೆಗೆತ ಇಲ್ಲ. ನಿಮ್ಮಜ್ಜಿ ಬಿಸಿ ಎಣ್ಣೆ ತಿಕ್ಕಿಸಿಕೋ, ಪುತ್ತೂರು ಕಟ್ಟು ಹಾಕಿಸು ಅಂತ ಹಟ ಹಿಡಿದಿದ್ದಾರಂತೆ. ಅವರ ಮನಸ್ಸು ನೋಯಿಸಬೇಡ, ಆದರೆ ಕಟ್ಟಿ ಕೂರಿಸಿದ ಮಂಡಿ ಕಲಿಯೋದು ಏನೂ ಇಲ್ಲ ಅಂತ ನಾನು ಹೇಳಿದೆ ಅಂತ ಹೇಳು. ನನ್ನ ಮೇಲೆ ಬೈದುಕೊಳ್ಳಲಿ, ಅಭ್ಯಾಸವಾಗಿದೆ. ಮಂಡಿಗೆ ಹಾಕುವ ನೀ-ಕ್ಯಾಪ್ ಬೇಕಾದರೆ ಹಾಕಿಕೋ, ಧೈರ್ಯಕ್ಕೆ.

ಮಂಡಿ ಜಾರುತ್ತೆ ಅಂತ ಹೆದರಿ ಎಲ್ಲ ಸ್ನಾಯುಗಳನ್ನೂ ಯಾವಾಗಲೂ ಬಿಗಿ ಹಿಡಿದು, ಕಾಲು ಮಡಚದೆ ನಡೆಯೋದೂ ಒಂದು ರೋಗ. ಕಳೆದ ತಿಂಗಳು ನಿಮ್ಮಮ್ಮ ಕಳಿಸಿದ ವಿಡಿಯೋದಲ್ಲಿ ನೀನು ಹಾಗೇ ನಡೀತಿದ್ದೆ. ಎಸಿಎಲ್ ಹರಿದು ಹೊಂದಿಕೊಳ್ಳಲಾಗದವರ ನಡಿಗೆ ಅದು. ಹೊಂದಿಕೊಂಡವರ ಸ್ನಾಯು ಬೇಕಾದಾಗ ಬಿಗಿದು ಬೇಡವಾದಾಗ ಸಡಿಲ ಬಿಡುತ್ತೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು ಎಸಿಎಲ್ ಹರಿದವರನ್ನು ಅಲುಗಾಡುವ ಹಲಗೆ ಮೇಲೆ ನಿಲ್ಲಿಸಿ, ಯಾವ ಕಡೆಗೆ ತಳ್ಳುತ್ತಾರೆ ಅಂತ ಹೇಳದೆ ಹಲಗೆ ತಳ್ಳಿ ತರಬೇತಿ ಕೊಡುವ ಕ್ರಮ ರೂಪಿಸಿದರು. ನಿನ್ನ ಫಿಸಿಯೋಗೆ ಅದನ್ನು ಮಾಡಿಸಿ ಅಂತ ಕೇಳು. ತಳ್ಳುವವರ ಕೈ ನಿನಗೆ ಕಾಣಬಾರದು, ತಳ್ಳುವ ಹೊತ್ತು ಗೊತ್ತಾಗಬಾರದು. ಎಣಿಸಿ ತಳ್ಳಿದರೆ ಪ್ರಯೋಜನವಿಲ್ಲ.

ಅದು ಕುದುರಿದ ಮೇಲೆ ಸಣ್ಣ ಎತ್ತರದಿಂದ ಎರಡು ಕಾಲಿನಲ್ಲಿ ಇಳಿ, ಆಮೇಲೆ ಒಂಟಿ ಕಾಲಿನಲ್ಲಿ, ಆಮೇಲೆ ಇಳಿದ ಕೂಡಲೇ ತಿರುವು. ನಿನ್ನ ಆಟಕ್ಕೆ ಇಷ್ಟೇ ಸಾಲದು. ರೈಡ್ ಮಾಡುವಾಗ ಉಸಿರು "ಕಬಡ್ಡಿ ಕಬಡ್ಡಿ" ಅನ್ನೋದರಲ್ಲಿರುತ್ತೆ, ಕಣ್ಣು ಎದುರಾಳಿಗಳ ಕೈಮೇಲಿರುತ್ತೆ, ಮಂಡಿ ಕಡೆ ನೋಡುವವರು ಯಾರು? ಆದ್ದರಿಂದ ಗಟ್ಟಿಯಾಗಿ ಕಬಡ್ಡಿ ಅನ್ನುತ್ತಲೇ ಇಳಿ, ತಿರುಗು. ಎದುರಿಗೆ ನಿನ್ನ ತಮ್ಮ ನಿಂತು ಬೆರಳೆತ್ತಲಿ, ಎಡಗೈ ಎತ್ತಿದರೆ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ. ಇದನ್ನು ಅಭ್ಯಾಸದ ಶುರುವಿನಲ್ಲಿ ಒಮ್ಮೆ, ದಣಿದ ಮೇಲೆ ಒಮ್ಮೆ ಮಾಡು. ಮೊದಲು ಮಣ್ಣಿನಲ್ಲಿ, ಕೊನೆಗೆ ಮ್ಯಾಟ್ ಮೇಲೆ. ಮ್ಯಾಟ್ ಪಾದವನ್ನು ಹಿಡಿದಿಡುತ್ತೆ, ಮೈ ತಿರುಗಿದರೂ ಪಾದ ತಿರುಗೋದಿಲ್ಲ.

ಒಂಟಿ ಕಾಲಿನ ನೆಗೆತದ ಉದ್ದ ಎರಡು ಕಾಲಿಗೂ ಸಮ ಬಂತು ಅಂತ ಹಿಗ್ಗಬೇಡ. ಸೊಂಟ, ಹಿಮ್ಮಡಿ ಗಂಟು ಮಂಡಿಯ ಪಾಲಿನ ಕೆಲಸ ಹೊತ್ತು ನಿನ್ನನ್ನು ಆ ಗೆರೆ ಮುಟ್ಟಿಸಬಲ್ಲವು. ಅದೂ ಅಲ್ಲದೆ ಇಷ್ಟು ದಿನ ಆಡದೆ ನಿನ್ನ ಎಡಗಾಲೂ ಸೊರಗಿದೆ, ಸೊರಗಿದ್ದಕ್ಕೆ ಹೋಲಿಸಿ ಸಮ ಅಂದರೆ ಏನು ಬಂತು? ಉದ್ದ ಬಿಡು, ಇಳಿಯೋದನ್ನು ನೋಡು. ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಎದುರಿನಿಂದಲೂ ಪಕ್ಕದಿಂದಲೂ ತೆಗೆಸು. ಕಾಲು ನೆಲ ಮುಟ್ಟಿದ ಫ್ರೇಮ್‌ನಿಂದ ಹನ್ನೆರಡು ಫ್ರೇಮ್ ಎಣಿಸಿದರೆ 50 ಮಿಲಿಸೆಕೆಂಡ್. ಆ ಹನ್ನೆರಡರಲ್ಲಿ ಮಂಡಿ ಒಳಕ್ಕೆ ಬೀಳುತ್ತಾ? ನೆಟ್ಟಗಿರುವ ಕಾಲಿನ ಮೇಲೇ ಇಳೀತೀಯಾ, ಮಂಡಿ ಆಗಲೇ ಸ್ವಲ್ಪ ಮಡಚಿರುತ್ತಾ? ಎದೆ ಪಾದದ ಮೇಲಿದೆಯಾ, ಪಕ್ಕಕ್ಕೆ ವಾಲಿದೆಯಾ?

ಇನ್ನು ದಸರಾ. ಬೇಡ. ನಾರ್ವೆ ಮತ್ತು ಡೆಲವೇರ್‌ನವರು ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಪರೇಷನ್ ಆಗಿ ಒಂಬತ್ತು ತಿಂಗಳಾಗುವ ತನಕ, ಆಟಕ್ಕೆ ಮರಳೋದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯುತ್ತಾ ಹೋಯಿತು. ಇಪ್ಪತ್ತೈದರ ಒಳಗಿನವರು ಎಸಿಎಲ್ ಆಪರೇಷನ್ ಆಗಿ ಆಟಕ್ಕೆ ಮರಳಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಎಸಿಎಲ್ ಮತ್ತೆ ಹರಿಯುತ್ತೆ, ಅದೇ ಕಾಲಿನದೋ ಇನ್ನೊಂದರದೋ. ಸಂಕ್ರಾಂತಿ ಕಳೆಯಲಿ. ಆಗಲೂ ತಿಂಗಳು ತುಂಬಿತು ಅನ್ನೋ ಕಾರಣಕ್ಕೇ ಬಿಡೋದಿಲ್ಲ, ನಾನು ಮೇಲೆ ಕೇಳಿದ್ದು ಆ ವಿಡಿಯೋದಲ್ಲಿ ಕಾಣಬೇಕು. ಕೋಚ್‌ಗೆ ಹೇಳೋಕೆ ಸಂಕೋಚವಾದರೆ ನನ್ನ ನಂಬರ್ ಕೊಡು.

ಸರ್ಜನ್ ಏನಂದರು ಅಂತ ಭಾನುವಾರದೊಳಗೆ ತಿಳಿಸು. ವಿಡಿಯೋ ತೆಗೆಯುವಾಗ ಚಡ್ಡಿ ಮಂಡಿಗಿಂತ ಮೇಲಿರಲಿ, ಕಳೆದ ಸಲ ಪ್ಯಾಂಟ್ ಹಾಕಿಕೊಂಡು ಕಳಿಸಿದ್ದೀಯ, ಏನೂ ಕಾಣಲಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ