ವಾಣಿಜ್ಯ ಸಂಸ್ಥೆ ಸಂತೆಗೂ ಬರಲಿ

ಮಾನ್ಯರೇ,

ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಣಿಜ್ಯ ಮಂಡಳಿಯೇ ಇಂದಿನ ಎಫ್‌ಕೆಸಿಸಿಐ (ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ). ನಮ್ಮ ಚಿಕ್ಕಮಗಳೂರಿನ ಕಡೆ ಮಾತ್ರ ಇಂಥ ಸಂಸ್ಥೆ ಎಂದರೆ ಪೇಟೆ ವರ್ತಕರ ಸಭೆ, ಹಾರ-ತುರಾಯಿ ಎಂಬ ಭಾವನೆಯೇ ಹೆಚ್ಚು.

ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲೇ ಜಿಐ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆದರೆ ಆ ಹೆಸರನ್ನು ಪೊಟ್ಟಣದ ಮೇಲೆ ಹಾಕಿ ಮಾರಲು ಬೆಳೆಗಾರ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಎರಡು ಮೂರು ಎಕರೆಯವರು ಕೊಯ್ಲು ಬಿಟ್ಟು ಈ ಕಾಗದಪತ್ರಗಳ ಹಿಂದೆ ಅಲೆಯುವುದುಂಟೆ? ನಾನೂ ಅಲೆದಿಲ್ಲ. ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಸಾಲದ ಕಂತು ಬಂದಿರುತ್ತದೆ. ವ್ಯಾಪಾರಿ ಹೇಳಿದ ಬೆಲೆಗೆ ಚೀಲ ಎತ್ತಿಸುತ್ತೇವೆ. ಹೆಸರಿನ ಲಾಭ ಬೇರೆಯವರ ಪಾಲು.

ಸರಕು ಯಾವ ದೇಶದ್ದೆಂದು ತೋರಿಸಲು ರಫ್ತಿನಲ್ಲಿ ಬಳಸುವ ಮೂಲ ಪ್ರಮಾಣಪತ್ರವನ್ನು ಮಾನ್ಯತೆ ಪಡೆದ ವಾಣಿಜ್ಯ ಸಂಸ್ಥೆಗಳೂ ಕೊಡುತ್ತವೆ. ಖರೀದಿದಾರರ ಪರಿಚಯವೂ ಅವರಿಗಿರುತ್ತದೆ. ಆ ತಿಳಿವಳಿಕೆ ಹೊತ್ತು ಜಿಲ್ಲೆಯ ವಾಣಿಜ್ಯ ಮುಖಂಡರು ಮೂಡಿಗೆರೆ, ಕೊಪ್ಪದ ಸಂತೆಯ ದಿನ ಒಂದು ಮೇಜು ಹಾಕಿ ಕೂರಲಿ. ಜಿಐ, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಅಲ್ಲೇ ಆಗಲಿ. ಕಾಳುಮೆಣಸಿನವರು, ಹೋಂಸ್ಟೇ ನಡೆಸುವವರು, ಕಡೂರಿನ ತೆಂಗು ಬೆಳೆಗಾರರು (ಇವರನ್ನು ಮಲೆನಾಡಿನ ನಾವು ಮರೆಯುವುದೇ ಹೆಚ್ಚು) ಸದಸ್ಯರಾಗುವಂತೆ ಶುಲ್ಕವನ್ನೂ ಇಳಿಸಲಿ.

– ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು